ಏರಿನಲ್ಲಿ ಬರುವ ಸದ್ದು

ಸೋಮವಾರ, ಬೆಳಗಿನ ಕೆಲಸ ಮುಗಿದ ಮೇಲೆ

ಏನೇ ಜೀರಿಗೆ,

ಕೈ ಬಿದ್ದುಹೋಗಿದೆಯಾ ನಿನಗೆ? ದಿನವಿಡೀ ಬಸ್ ಡಿಪೋದಲ್ಲಿ ಸ್ಪ್ಯಾನರ್ ಹಿಡಿಯುವ ಕೈಗೆ ಒಂದು ಪೆನ್ನು ಭಾರವಾಯಿತೇ? ಎರಡು ಸಾಲು ಗೀಚಿ ಹಾಕಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಿಮ್ಮಮ್ಮನಿಗೆ ಫೋನ್ ಮಾಡುತ್ತೀಯ, ಉಂಡ್ಯಾ ಮಲಗಿದ್ಯಾ ಅಂತ ಕೇಳುತ್ತೀಯ, ಅಪ್ಪ ಅನ್ನೋ ಪದ ಬಂದ ಕೂಡಲೇ ನಿನಗೆ ಬಸ್ಸು ಬಂದುಬಿಡುತ್ತೆ, ಸಾಹೇಬರು ಕರೆದುಬಿಡುತ್ತಾರೆ. ಯಾವ ಊರಿನ ಸಾಹೇಬರಮ್ಮ ಅವರು, ಅಪ್ಪನ ಹೆಸರೆತ್ತಿದಾಗ ಮಾತ್ರ ಕರೆಯೋರು? ಇದನ್ನು ಓದುತ್ತಾ ಮೂಗು ಮುರಿಯಬೇಡ. ನಿನಗೆ ಬಂದಿರುವುದು ನಿಮ್ಮ ತಾತನ ಮೂಗು, ಮುರಿಯುವಷ್ಟು ಉದ್ದವೇ ಇಲ್ಲ ಅದು.

ನಾನೂ ತಡ ಮಾಡಿದ್ದೇನೆ, ಒಪ್ಪಿಕೊಂಡೆ. ಕನ್ನಡಕದ ಮೇಲೆ ನಾನೇ ಕೂತು ಅದರ ಒಂದು ಕಾಲು ಮುರಿದೆ. ಅಂಗಡಿಗೆ ಕೊಡೋಣ ಅಂದರೆ ನಿಮ್ಮಪ್ಪ ಬಿಡಲಿಲ್ಲ, ಹಳೇ ಕ್ಲಚ್ ವೈರಿನ ಒಂದು ಎಳೆ ಬಿಡಿಸಿ ಬಿಗಿದು ಕಟ್ಟಿಕೊಟ್ಟ. ಕಿವಿ ಹಿಂದೆ ಚುಚ್ಚುತ್ತೆ. ಆದರೆ ಲಾರಿ ಹತ್ತಿದರೂ ಬಿಚ್ಚೋದಿಲ್ಲ ಅಂತಾನೆ. ನನ್ನ ತಲೆ ಮೇಲೆ ಲಾರಿ ಯಾಕೋ ಹತ್ತಬೇಕು ಅಂತ ಕೇಳಿದರೆ ನಗುತ್ತಾನೆ. ಅಕ್ಷರ ಸೊಟ್ಟಗಿದ್ದರೆ ಸೈರಿಸಿಕೋ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಮೇಷ್ಟ್ರು ಬಂದ ದಿನ ಮಾತ್ರ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮಮ್ಮ ಹೊಲಿಗೆ ಮಿಷನ್ನನ್ನು ಕಿಟಕಿ ಹತ್ತಿರ ಎಳೆದುಕೊಂಡಿದ್ದಾಳೆ. ಬೆಳಕಿಗೆ ಅಂತಾಳೆ, ನಿಜಕ್ಕೂ ಬೀದಿಗೆ. ನಿನ್ನ ಮಂಚದ ಮೇಲೆ ಈಗ ಹೊಲಿದ ಬಟ್ಟೆ ಪೇರಿಸಿದೆ. ನೀನು ಬರುವ ದಿನ ತೆಗೆಯುತ್ತಾಳಂತೆ.

ಆ ಬರುವ ದಿನದ ವಿಷಯಕ್ಕೇ ಈ ಪತ್ರ. ಹೊಸ್ತಿಲು ದಾಟುವಾಗ ನೀನು ನನಗೆ ಹೇಳಿದ ಮಾತು ನಾನು ಮರೆತಿಲ್ಲ. "ಅಜ್ಜೀ, ಆ ಸದ್ದು ಇತ್ತು ಅಂತ ಅಪ್ಪ ಯಾವತ್ತು ಬಾಯಿ ಬಿಟ್ಟು ಹೇಳ್ತಾರೋ ಅವತ್ತು ಬರ್ತೀನಿ" ಅಂದೆ. ಅಪ್ಪನ ಹಠ ಮಗಳಲ್ಲಿ ಎರಡರಷ್ಟು ಬೆಳೆದಿದೆಯಲ್ಲಪ್ಪ ಅಂದುಕೊಂಡೆ.

ಅವತ್ತಿನದು ನಿನಗೆ ನೆನಪಿಲ್ಲದೆ ಏನು, ಆದರೂ ನಾನು ಕಂಡ ಹಾಗೆ ಒಮ್ಮೆ ಬರೆಯುತ್ತೇನೆ. ನೀನು ಕಂಡದ್ದು ಸಿಟ್ಟಿನಲ್ಲಿ.

ಬ್ರೆಡ್ಡಿನವನು ತನ್ನ ಮೋಟಾರ್ ಸೈಕಲ್ಲನ್ನು ರಿಪೇರಿಗೆ ಅಂತ ನಿಮ್ಮಪ್ಪನ ಶೆಡ್ಡಿಗೆ ತಂದು ನಿಲ್ಲಿಸಿದ್ದ, ಹಿಂದೆ ಆ ಎರಡು ದೊಡ್ಡ ತಗಡಿನ ಡಬ್ಬ. ನೀನು ಗಾಡಿಯನ್ನು ನೀರಿನ ಟ್ಯಾಂಕಿನ ಏರು ಹತ್ತಿಸಿ ಇಳಿಸಿಕೊಂಡು ಬಂದು, "ಅಪ್ಪಾ, ಏರಿನಲ್ಲಿ ಲೋಡ್ ಬಿದ್ದಾಗ ಟಿಣಿಟಿಣಿ ಅಂತಿದೆ. ಟೈಮಿಂಗ್ ಮುಂದೆ ಹೋಗಿದೆ, ಹಿಂದಕ್ಕೆ ಹಾಕ್ಬೇಕು" ಅಂದೆ. ನಿಮ್ಮಪ್ಪ ತಾನೂ ಒಂದು ಸುತ್ತು ಹೋಗಿ ಬಂದ. "ಯಾವ ಸದ್ದೂ ಇಲ್ಲ. ಬೆಣ್ಣೆ ಥರ ಓಡ್ತಿದೆ" ಅಂದ. ನೀನು "ಇದೆ ಅಪ್ಪಾ" ಅಂದೆ. ಅವನು "ಇಲ್ಲ" ಅಂದ. ನೀನು ಮತ್ತೆ "ಇದೆ" ಅಂದೆ. ಆಗ ಅವನು, "ನೀನು ತೊಟ್ಟಿಲಲ್ಲಿ ಕಾಲು ಆಡಿಸ್ತಿದ್ದಾಗ ನಾನು ಇಂಜಿನ್ ಬಿಚ್ಚಿ ಜೋಡಿಸ್ತಿದ್ದೆ. ನನ್ನ ಕಿವಿಗಿಲ್ಲದ ಸದ್ದು ನಿನ್ನ ಕಿವಿಗೆ ಎಲ್ಲಿಂದ ಬಂತು? ಗಿರಾಕಿ ಮುಂದೆ ಮೇಸ್ತ್ರಿಗಿರಿ ತೋರಿಸ್ಬೇಡ" ಅಂದುಬಿಟ್ಟ. ಬ್ರೆಡ್ಡಿನವನು ತನ್ನ ಚಪ್ಪಲಿ ನೋಡಿಕೊಳ್ಳುತ್ತಾ ನಿಂತ.

ನೀನು ಸ್ಪ್ಯಾನರ್ ಎಸೆದಿದ್ದರೆ ವಾಸಿಯಿತ್ತು ಕಣೇ. ಅದನ್ನು ಒರೆಸಿ, ಗೋಡೆಯ ಮೇಲೆ ಅದರ ಜಾಗದಲ್ಲಿ ತೂಗುಹಾಕಿದೆ. ಆಗಲೇ ನನಗೆ ಗೊತ್ತಾಯಿತು, ಇವಳು ಹೋಗುತ್ತಾಳೆ ಅಂತ.

ನೀನು ಹೋದ ಮೇಲೆ ಏನಾಯಿತು ಅಂತ ನಿಮ್ಮಮ್ಮ ಹೇಳಿರುವುದಿಲ್ಲ. ಹೇಳಬೇಡ ಅಂತ ನಿಮ್ಮಪ್ಪನ ಕಟ್ಟಪ್ಪಣೆ. ನನಗೆ ಯಾರ ಅಪ್ಪಣೆಯೂ ಇಲ್ಲ.

ಒಂದು ಬೆಳಿಗ್ಗೆ ಬ್ರೆಡ್ಡಿನವನು ಅದೇ ಏರು ಹತ್ತುತ್ತಿದ್ದಾಗ ಇಂಜಿನ್ನು ಇದ್ದಕ್ಕಿದ್ದ ಹಾಗೆ ಕಚ್ಚಿಕೊಂಡು ಹಿಂದಿನ ಚಕ್ರ ಕಲ್ಲಿನಂತೆ ನಿಂತಿತು. ಗಾಡಿ ಒಂದು ಕಡೆ, ಅವನು ಒಂದು ಕಡೆ. ಬ್ರೆಡ್ಡೆಲ್ಲ ಏರಿನಿಂದ ಚರಂಡಿಯವರೆಗೂ ಉರುಳಿತು. ಬೀದಿ ನಾಯಿಗಳಿಗೆ ಜೀವಮಾನದಲ್ಲಿ ಅಂಥ ಬೆಳಿಗ್ಗೆ ಬಂದಿರಲಾರದು. ಅವನ ಕೈ ಮೂಳೆ ಬಿರುಕು ಬಿಟ್ಟು ಪ್ಲಾಸ್ಟರ್ ಪಟ್ಟಿ ಹಾಕಿದರು. ಹಿಂದೆ ಲಾರಿ ಇರಲಿಲ್ಲ, ಅಷ್ಟು ಪುಣ್ಯ.

ನಿಮ್ಮಪ್ಪ ಗಾಡಿ ತಳ್ಳಿಕೊಂಡು ಬಂದು ಇಂಜಿನ್ನಿನ ಹೆಡ್ಡು ಬಿಚ್ಚಿದ. ನಾನು ಕಾಫಿ ಕೊಡಲು ಹೋದವಳು ಅಲ್ಲೇ ನಿಂತುಬಿಟ್ಟೆ. ಪಿಸ್ಟನ್ ಅಂದರೆ ನನಗೆ ಇಷ್ಟು ದಿನ ಒಂದು ಲೋಟದಂಥ ವಸ್ತು ಅಷ್ಟೇ. ಇದರ ನೆತ್ತಿಯನ್ನು ಇಲಿ ಕಚ್ಚಿ ಕಚ್ಚಿ ತಿಂದ ಹಾಗಿತ್ತು. ಒಂದು ಅಂಚು ಕರಗಿ ಇಳಿದಿತ್ತು, ಬಿಸಿಲಿಗಿಟ್ಟ ಮೇಣದ ಬತ್ತಿಯಂತೆ. ಬೆರಳಿಟ್ಟು ನೋಡಿದೆ, ಒರಟು ಒರಟು. ಲೋಹವನ್ನು ತಿನ್ನುವಂಥದ್ದು ಯಾವುದಪ್ಪ ಇದರೊಳಗೆ ಇರೋದು ಅಂತ ಮೈ ಜುಂ ಅಂತು. "ಯಾವುದೋ ಇದನ್ನ ತಿಂದಿದೆಯಲ್ಲೋ" ಅಂದೆ. "ಪೆಟ್ರೋಲ್ ಸರಿ ಇರಲಿಲ್ಲಮ್ಮ" ಅಂದ. ಅಂದವನು ಕಾಫಿ ಮುಟ್ಟಲಿಲ್ಲ.

ಕೈ ನೋಯುತ್ತಿದೆ. ಮಿಕ್ಕದ್ದು ನಾಳೆ.

ಬುಧವಾರ

ನಾಳೆ ಅಂದದ್ದು ಬುಧವಾರವಾಯಿತು. ನಿನ್ನೆ ನಿಮ್ಮಮ್ಮನ ಗುಂಡಿ ಹೊಲಿಯುವ ಕೆಲಸ ನನ್ನ ಮೇಲೆ ಬಿತ್ತು. ನನ್ನ ಕಣ್ಣಿಗೆ ಸೂಜಿ ಪೋಣಿಸಲು ಬರುವುದಿಲ್ಲ ಅಂದರೆ, ಪೋಣಿಸಿಯೇ ಕೊಡುತ್ತಾಳೆ ಆ ಕಳ್ಳಿ.

ಹೊಸ ಪಿಸ್ಟನ್ನು ಹಾಕಿ, ಹೆಡ್ಡಿನ ಮಸಿ ಕೆರೆದು, ಟ್ಯಾಂಕು ತೊಳೆದು, ಟೈಮಿಂಗಿನ ಗುರುತು ಕೂರಿಸಿ, ಬೇರೆ ಬಂಕಿನ ಪೆಟ್ರೋಲ್ ಹೊಯ್ದು ಗಾಡಿ ಎಬ್ಬಿಸಿದ ನಿಮ್ಮಪ್ಪ. ಬ್ರೆಡ್ಡಿನವನ ಪಟ್ಟಿ ಬಿಚ್ಚುವ ಹೊತ್ತಿಗೆ ಗಾಡಿಯೂ ತಯಾರು.

ಆಮೇಲೆ ಶುರುವಾಯಿತು ನೋಡು. ನಾನು ದಿನಾ ಬೆಳಿಗ್ಗೆ ಅಡುಗೆಮನೆ ಕಿಟಕಿಯಲ್ಲಿ ಕಾಳು ಆರಿಸುತ್ತಾ ಕೂರುತ್ತೇನಲ್ಲ, ಅವನು ಏರು ಹತ್ತುವಾಗ ಒಂದು ಸದ್ದು. ಇಂಜಿನ್ನಿನ ದಪ್ಪ ದನಿಯ ಮೇಲೆ ತೆಳ್ಳಗೆ ಇನ್ನೊಂದು. ಸ್ಟೀಲ್ ಲೋಟದಲ್ಲಿ ನಾಲ್ಕು ಕಾಳು ಹಾಕಿ ಅಲ್ಲಾಡಿಸಿದ ಹಾಗೆ. ಏರು ಮುಗಿದು ಸಮತಟ್ಟು ಬಂದ ಕೂಡಲೇ ಮಾಯ. ಮೊದಲ ಸಲ ನನ್ನ ಮೊರವನ್ನೇ ಅಲ್ಲಾಡಿಸಿದೆನೇನೋ ಅಂತ ನೋಡಿಕೊಂಡೆ.

ಬ್ರೆಡ್ಡಿನವನು ಬಾಗಿಲಿಗೆ ಬಂದಾಗ ಕೇಳಿದೆ. ಅವನು ಒಳಗೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ನಂಗೂ ಕೇಳ್ಸುತ್ತಜ್ಜೀ. ಮೇಸ್ತ್ರಿಗೆ ಹೇಳಿದ್ರೆ ಟೈಮಿಂಗ್ ನೋಡೋ ಲೈಟ್ ಬಿಟ್ಟು ತೋರಿಸ್ತಾರೆ, ಗುರುತು ಸರಿಯಾಗಿ ಕೂತಿದೆ ನೋಡು ಅಂತಾರೆ. ಇನ್ನೊಂದ್ಸಲ ಕಚ್ಕೊಂಡ್ರೆ ಹಿಂದೆ ಲಾರಿ ಇರಲ್ಲ ಅಂತ ಏನು ಗ್ಯಾರಂಟಿ? ಏರು ಬಂದ್ರೆ ಜೀವ ಕೈಲಿ ಹಿಡ್ಕೊಂಡು ಹತ್ತಿಸ್ತೀನಿ."

"ಬೇರೆ ಮೇಸ್ತ್ರಿ ಹತ್ರ ಹೋಗೋಕೇನು ನಿಂಗೆ?" ಅಂದೆ.

"ಹೋಗ್ಬಹುದು. ಹೋದ್ರೆ ಇವ್ರ ಮುಖ ಹೇಗೆ ನೋಡ್ಲಿ?" ಅಂದ.

ಒಳ್ಳೆಯವರು ಹೀಗೇ ಸಾಯುವುದು. ಅವನ ರಟ್ಟೆ ಹಿಡಿದು ಶೆಡ್ಡಿಗೆ ಎಳೆದುಕೊಂಡು ಹೋದೆ. "ಲೋ, ಇವನ ಗಾಡಿ ಏರಿನಲ್ಲಿ ಸದ್ದು ಮಾಡುತ್ತೆ, ನಾನೇ ಕೇಳಿದೀನಿ" ಅಂದೆ.

ನಿಮ್ಮಪ್ಪ ಸಿಟ್ಟಾಗಲಿಲ್ಲ. "ಬಾಮ್ಮ ಇಲ್ಲಿ, ನೀನೂ ನೋಡು" ಅಂತ ಗಾಡಿ ಸ್ಟಾರ್ಟ್ ಮಾಡಿದ. ಪಕ್ಕದ ಮುಚ್ಚಳ ತೆಗೆದಿದ್ದ. ಒಳಗೆ ಒಂದು ಭಾರದ ಚಕ್ರ, ಮ್ಯಾಗ್ನೆಟ್ ಅಂತೀರಲ್ಲ ನೀವು, ಕಣ್ಣಿಗೆ ಬರೀ ಮಬ್ಬು ಕಾಣುವಷ್ಟು ಜೋರಾಗಿ ತಿರುಗುತ್ತಿತ್ತು. ಆ ಪಿಸ್ತೂಲಿನಂಥ ಲೈಟನ್ನು ಅದರ ಕಡೆ ಹಿಡಿದು ಕುದುರೆ ಒತ್ತಿದ.

ಜೀರಿಗೆ, ನೀನು ಇದನ್ನು ನೂರು ಸಲ ನೋಡಿದ್ದೀಯ, ನಿನಗೆ ಇದು ಹಳಸಲು. ನನ್ನನ್ನು ಕೇಳು, ಚಕ್ರ ನಿಂತುಹೋಯಿತಲ್ಲೇ. ಇಂಜಿನ್ನು ಬೊಬ್ಬೆ ಹಾಕುತ್ತಿದೆ, ನೆಲ ನಡುಗುತ್ತಿದೆ, ನನ್ನ ಸೆರಗು ಅದರ ಗಾಳಿಗೆ ಹಾರುತ್ತಿದೆ, ಚಕ್ರ ಮಾತ್ರ ನಿದ್ದೆ ಮಾಡಿದ ಮಗುವಿನಂತೆ ನಿಂತಿದೆ. ಅದರ ಅಂಚಿನ ಮೇಲೊಂದು ಸಣ್ಣ ಗೀರು, ಎದುರಿಗೆ ಕವಚದ ಮೇಲೊಂದು ಗೀರು, ಎರಡೂ ಮೂಗಿಗೆ ಮೂಗು ಕೊಟ್ಟು ನಿಂತಿವೆ. ಮುಟ್ಟೋಣ ಅಂತ ಬೆರಳು ಚಾಚಿದೆ. ನಿಮ್ಮಪ್ಪ ಫಕ್ಕನೆ ಮಣಿಕಟ್ಟು ಹಿಡಿದ. "ನಿಂತಿಲ್ಲಮ್ಮ ಅದು, ನಿಂತ ಹಾಗೆ ಕಾಣುತ್ತೆ. ಒಂದೊಂದು ಕಿಡಿ ಹಾರಿದಾಗಲೂ ಲೈಟು ಒಂದು ಮಿಂಚು ಮಿಂಚುತ್ತೆ. ಅಷ್ಟು ಹೊತ್ತಿಗೆ ಸರಿಯಾಗಿ ಗೀರು ಅದೇ ಜಾಗಕ್ಕೆ ಬಂದಿರುತ್ತೆ. ಮಧ್ಯದ್ದು ಕಣ್ಣಿಗೆ ಸಿಗೋದಿಲ್ಲ."

ಇಷ್ಟು ಹೇಳಿದ ಮೇಲೆ ಬಿಡುತ್ತೇನೆಯೇ. ಕಿಡಿ ಯಾಕೆ, ಯಾವಾಗ, ಎಲ್ಲಿ ಅಂತ ಪ್ರಾಣ ತಿಂದೆ. ಇಂಜಿನ್ನು ಆರಿಸಿ, ಮುಷ್ಟಿಯನ್ನು ಪಿಸ್ಟನ್ ಮಾಡಿ, ಇನ್ನೊಂದು ಅಂಗೈಯನ್ನು ಮುಚ್ಚಳ ಮಾಡಿ ಹೇಳಿಕೊಟ್ಟ. ಪಿಸ್ಟನ್ ಮೇಲೆ ಏರುತ್ತಾ ಗಾಳಿಯನ್ನೂ ಪೆಟ್ರೋಲನ್ನೂ ಅದುಮುತ್ತೆ. ಪೂರಾ ಮೇಲೆ ಬಂದು ಮುಟ್ಟುವುದಕ್ಕೆ ಒಂದು ಚೂರು ಮುಂಚೆಯೇ ಕಿಡಿ ಹಾರಬೇಕು, ಯಾಕಂದರೆ ಬೆಂಕಿ ಹಬ್ಬಲಿಕ್ಕೂ ಹೊತ್ತು ಬೇಕು. ಅದು ಹಬ್ಬಿ ಮುಗಿಯುವಾಗ ಪಿಸ್ಟನ್ ಆಗಷ್ಟೇ ಕೆಳಗೆ ತಿರುಗಿರಬೇಕು, ಆಗ ಬೆಂಕಿ ತಳ್ಳಿದ ಬಲ ಗಾಡಿ ಎಳೆಯುತ್ತೆ. ಕಿಡಿ ತೀರಾ ಮುಂಚೆ ಹಾರಿದರೆ ಪಿಸ್ಟನ್ ಇನ್ನೂ ಏರುತ್ತಿರುತ್ತೆ, ಬೆಂಕಿ ಎದುರಿಗೆ ಬಂದು ನೆತ್ತಿಗೆ ಬಡಿಯುತ್ತೆ. ಭಾರ ಎಳೆಯುವಾಗ ಆ ಪೆಟ್ಟು ಇನ್ನೂ ಜೋರು. ನೀವು ಟಿಣಿಟಿಣಿ ಅನ್ನೋದು ಆ ಪೆಟ್ಟಿಗೆ.

ನನಗೆ ತಟ್ಟನೆ ನಿನ್ನ ಚಿಕ್ಕಂದಿನ ಉಯ್ಯಾಲೆ ಹೊಳೆಯಿತು. ಉಯ್ಯಾಲೆ ನಮ್ಮ ಕಡೆಗೇ ಬರುತ್ತಿರುವಾಗ ತಳ್ಳಿದರೆ ಕೈ ಉಳುಕುತ್ತೆ, ಮಗು ಬೀಳುತ್ತೆ. ಬಂದು, ಇನ್ನೇನು ಹಿಂದಿರುಗಿತು ಅನ್ನುವಾಗ ಒಂದು ಬೆರಳು ತಾಕಿಸಿದರೆ ಮುಗಿಲಿಗೆ ಹೋಗುತ್ತೆ. ಅದನ್ನೇ ಹೇಳಿದೆ. "ಅದೇ ಅಮ್ಮ, ಅಷ್ಟೇ" ಅಂದ.

ಅಷ್ಟೇ ಅಂತಾನೆ. ಒಂದು ಸಲ ನಾನು ಕಣ್ಣು ಮಿಟುಕಿಸುವುದರೊಳಗೆ ಆ ಅಂಗೈಯಷ್ಟು ಜಾಗದಲ್ಲಿ ಅದೆಷ್ಟೋ ಸಲ ಬೆಂಕಿ ಹುಟ್ಟಿ ಸಾಯುತ್ತೆ, ಒಂದೊಂದೂ ತನ್ನ ಹೊತ್ತಿಗೆ ಸರಿಯಾಗಿ. ನಾನು ಜೀವಮಾನವೆಲ್ಲ ಒಲೆ ಹೊತ್ತಿಸಿದವಳು. ಒಂದು ಬೆಂಕಿಯನ್ನು ಹದದಲ್ಲಿಡಲು ಕಣ್ಣು ಮೂಗಲ್ಲಿ ನೀರು ಸುರಿಸಿಕೊಂಡು ಊದಿದ್ದೇನೆ. ಗೋಡೆಯಾಚೆ ಶೆಡ್ಡಿನಲ್ಲಿ ಇಷ್ಟು ಬೆಂಕಿಗಳು ಸಾಲಾಗಿ ಬಂದು ಹೋಗುತ್ತಿದ್ದರೆ ಅದನ್ನು ಗಲಾಟೆ ಅಂದುಕೊಂಡು ಕಿಟಕಿ ಮುಚ್ಚುತ್ತಿದ್ದೆ. ಎಂಥೆಂಥವರನ್ನೋ ದೊಡ್ಡವರು ಅಂತ ನಮಸ್ಕಾರ ಮಾಡಿದ್ದೇನೆ, ಆ ಚಕ್ರದ ಮುಂದೆ ನನಗೆ ಆಗಿದ್ದು ಬೇರೆ. ಕೈ ತಾನಾಗಿ ಎದೆ ಮೇಲೆ ಹೋಯಿತು.

ಆದರೆ ಸದ್ದಿನ ಮಾತು ಬಿಟ್ಟುಕೊಡಲಿಲ್ಲ. "ಗುರುತು ಸರಿ ಇದೆ ಕಣೋ, ಕಂಡೆ. ಸದ್ದೂ ಇದೆ."

"ಎಲ್ಲಿದೆಯಮ್ಮ?" ಅಂದ.

ಅವನು ಕೇಳಿದ ರೀತಿ ಇತ್ತಲ್ಲ, ಅದು ಜಗಳದ್ದಲ್ಲ. ಚಿಕ್ಕವನಿದ್ದಾಗ ಗೋಲಿ ಕಳೆದುಕೊಂಡು ಮಂಚದ ಕೆಳಗೆ ತಲೆ ಹಾಕಿ "ಎಲ್ಲಿದೆಯಮ್ಮ" ಅನ್ನುತ್ತಿದ್ದ, ಹಾಗೆ. ಆ ಕ್ಷಣಕ್ಕೆ ಎಲ್ಲ ಒಂದರ ಹಿಂದೊಂದು ಬಂತು ನನಗೆ. ಕುಕ್ಕರ್ ಕೂಗಿದರೂ ಎದ್ದು ಆರಿಸುವುದಿಲ್ಲ ಅಂತ ನಿಮ್ಮಮ್ಮ ಬೈಯುತ್ತಿದ್ದಳು. ನಾವು ನಕ್ಕ ಮೇಲೆ ನಮ್ಮ ಮುಖ ನೋಡಿ ಆಮೇಲೆ ನಗುತ್ತಿದ್ದ. ನಿಮ್ಮಮ್ಮ ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಬ್ರೆಡ್ಡಿನವನ ದಪ್ಪ ಗಂಟಲಿಗೆ ತಿರುಗುತ್ತಾನೆ. ಹೆಂಡತಿ ಮಾತಿಗೆ ಬೆಲೆಯಿಲ್ಲ ಅಂದುಕೊಂಡಿದ್ದೆವು. ಎಲ್ಲ ಗಂಡಸರಿಗೂ ಇರುವ ರೋಗ ಅಂತ ಬಿಟ್ಟಿದ್ದೆವು.

"ನಿಂಗೆ ಕೇಳಿಸ್ತಾ ಇಲ್ಲ ಕಣೋ" ಅಂದೆ.

ಬ್ರೆಡ್ಡಿನವನು ಬೀದಿ ಕಡೆ ಮುಖ ಮಾಡಿ ನಿಂತ. ನಿಮ್ಮಪ್ಪ ಲೈಟನ್ನು ಬೆಂಚಿನ ಮೇಲಿಟ್ಟ, ಅದರ ವೈರನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಕೊನೆಗೆ, "ಹೇಗಿರುತ್ತಮ್ಮ ಆ ಸದ್ದು? ಹೇಳು" ಅಂದ.

ಮೇಸ್ತ್ರಿ, ತನ್ನ ಅಮ್ಮನನ್ನು, ಇಂಜಿನ್ನಿನ ಸದ್ದು ಹೇಗಿರುತ್ತೆ ಅಂತ ಕೇಳಿದ ಕಣೇ. ಲೋಟ ಮತ್ತು ಕಾಳಿನ ವಿಷಯ ಹೇಳಿದೆ. "ಅವಳೂ ಟಿಣಿಟಿಣಿ ಅಂದಿದ್ದಳು" ಅಂದ. ಆಮೇಲೆ ಎದ್ದು ಡಬ್ಬಗಳ ಕೊಂಡಿ ಬಿಚ್ಚುತ್ತಾ, "ಗಾಡಿ ಹತ್ತು" ಅಂದ.

"ಯಾರು ಹತ್ತಬೇಕೋ?"

"ನೀನೇ. ನಿನ್ನ ಕಿವಿ ಬೇಕು. ಲೋಡೂ ಬೇಕು."

ಬ್ರೆಡ್ಡಿನವನಿಗೆ ಆಗ ಬಾಯಿ ಬಂತು. "ಹಾಗಾದ್ರೆ ಸರಿ ಮೇಸ್ತ್ರಿ. ಅಜ್ಜಿ ನನ್ನೆರಡು ಡಬ್ಬಕ್ಕಿಂತ ಒಂದು ತೂಕ ಜಾಸ್ತೀನೇ." ಇವನ ಕೈ ಮುರಿದಾಗ ನಾಲಿಗೆಗೂ ಒಂದು ಪಟ್ಟಿ ಹಾಕಬೇಕಿತ್ತು ಅಂದೆ.

ಗುರುವಾರ

ಎಲ್ಲಿಗೆ ನಿಲ್ಲಿಸಿದೆ? ಹಾಂ, ಗಾಡಿ ಹತ್ತಿದ್ದು. ನಗು, ನಗು.

ನಿಮ್ಮಮ್ಮ ಮಿಷನ್ ಬಿಟ್ಟು ಬಾಯಲ್ಲಿ ದಾರ ಕಚ್ಚಿಕೊಂಡೇ ಓಡಿ ಬಂದಳು. "ಅತ್ತೇ, ಈ ವಯಸ್ಸಲ್ಲಿ ಬಿದ್ದರೆ ಏನತ್ತೇ ಗತಿ" ಅಂದಳು. "ಬಿದ್ದರೆ ನಿನಗೆ ಗುಂಡಿ ಹೊಲಿಯೋರಿಲ್ಲ ಅನ್ನೋ ಚಿಂತೆ ಅಷ್ಟೇ ನಿಂಗೆ" ಅಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬ್ರೆಡ್ಡಿನವನು ತಂದಿಟ್ಟ ಮಣೆಯ ಮೇಲೆ ಕಾಲಿಟ್ಟು ಹತ್ತಿ, ಒಂದು ಪಕ್ಕಕ್ಕೆ ತಿರುಗಿ ಕೂತೆ. "ಸದ್ದು ಬಂದಾಗ ನನ್ನ ಭುಜ ಒತ್ತು, ನಿಂತಾಗ ಬಿಡು. ಮಾತಾಡ್ಬೇಡ, ಗಾಳೀಲಿ ಕೇಳ್ಸೋದಿಲ್ಲ" ಅಂದ ನಿಮ್ಮಪ್ಪ. ಗಾಳಿಯಲ್ಲಿ ಅಂತ ಸೇರಿಸಿದ, ಪಾಪ.

ಬೀದಿಯಲ್ಲಿ ಇದ್ದಬದ್ದವರೆಲ್ಲ ಬಾಗಿಲಿಗೆ ಬಂದರು. ಏರು ಶುರುವಾಯಿತು. ಅವನು ಗಿಯರ್ ಇಳಿಸದೆ, ಬೇಕು ಅಂತಲೇ ಇಂಜಿನ್ನಿಗೆ ಭಾರ ಬೀಳುವ ಹಾಗೆ ಎಳೆಸಿದ. ಬಂತು. ಕಾಳು, ಲೋಟ. ಭುಜ ಒತ್ತಿದೆ. ಸಮತಟ್ಟಿಗೆ ಬಂದಾಗ ನಿಂತಿತು, ಬಿಟ್ಟೆ. ಕೆಳಗಿಳಿದು ಬಂದು, ಕಿಡಿಯ ಹೊತ್ತು ಗೊತ್ತುಮಾಡುವ ಒಳಗಿನ ಪ್ಲೇಟಿನ ಸ್ಕ್ರೂ ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ, ಬಿಗಿದು, ಮತ್ತೆ ಏರು. ಮತ್ತೆ ಒತ್ತಿದೆ. ಮತ್ತೆ ಇಳಿದೆವು. ಪ್ರತಿ ಸಲ ಸದ್ದು ಸ್ವಲ್ಪ ತಡವಾಗಿ ಬರುತ್ತಿತ್ತು, ಸ್ವಲ್ಪ ಬೇಗ ಹೋಗುತ್ತಿತ್ತು. ಒಂದು ಸಲ ಎರಡೇ ಎರಡು ಕಾಳು. ಅದಕ್ಕೂ ಒತ್ತಿದೆ. ಕೊನೆಗೊಂದು ಸಲ ಹೋಗುತ್ತಾ ಹೋಗುತ್ತಾ ನಾನು ಬೆರಳನ್ನು ಅವನ ಭುಜದ ಮೇಲಿಟ್ಟು ಕಾಯುತ್ತಿದ್ದೇನೆ, ಬರಲೇ ಇಲ್ಲ. ಇಂಜಿನ್ನಿನ ದಪ್ಪ ದನಿ ಒಂದೇ, ತುಂಬಿದ ಹೊಳೆಯ ಹಾಗೆ.

ಟ್ಯಾಂಕಿನ ಹತ್ತಿರ ನಿಲ್ಲಿಸಿದ. ಅಲ್ಲಿಂದ ನಮ್ಮ ಬೀದಿ ಇಷ್ಟೇ ಇಷ್ಟು ಕಾಣುತ್ತೆ, ಒಣಗಲು ಹಾಕಿದ ನಮ್ಮ ಮನೆ ಬಟ್ಟೆಯೂ ಕಾಣುತ್ತೆ. ಇಷ್ಟು ವರ್ಷದಲ್ಲಿ ನಾನು ಆ ಏರಿನ ತುದಿಗೆ ಹೋಗಿರಲೇ ಇಲ್ಲ. "ಬಂತಾ?" ಅಂದ. "ಇಲ್ಲ" ಅಂದೆ. ಅವನು ನನ್ನ ತುಟಿ ನೋಡುತ್ತಿದ್ದ. "ನಿಜವಾಗ್ಲೂ ಇಲ್ವಾ?" ಅಂದ. "ಹೆತ್ತ ತಾಯಿ ಸುಳ್ಳು ಹೇಳ್ತಾಳೇನೋ" ಅಂತ ತಲೆಗೊಂದು ಕೊಟ್ಟೆ. ತನ್ನ ಕಿವಿಗೆ ಬಾರದ ಸದ್ದನ್ನು ನನ್ನ ಬೆರಳಿನಿಂದ ಕೇಳಿ ಸರಿ ಮಾಡಿದನಲ್ಲೇ ಅವನು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಅಂತ ಹೇಳಿಕೊಳ್ಳಲು ಹೆಮ್ಮೆಗಿಂತ ಭಯವೇ ಆಯಿತು.

ಇದಕ್ಕಿಂತ ದೊಡ್ಡದು ಇನ್ನೂ ಇದೆ, ತಾಳು. ಶೆಡ್ಡಿಗೆ ಬಂದು ಮತ್ತೆ ಲೈಟು ಬಿಟ್ಟ. ಚಕ್ರ ಮತ್ತೆ ನಿಂತಿತು. ಆದರೆ ಆ ಎರಡು ಗೀರು ಈಗ ಮೂಗಿಗೆ ಮೂಗು ಇರಲಿಲ್ಲ, ಜಗಳವಾಡಿದ ಓರಗಿತ್ತಿಯರ ಹಾಗೆ ದೂರ ದೂರ. ಸದ್ದು ನಿಂತಿದೆ, ಗುರುತು ತಪ್ಪಿದೆ. ನಿಮ್ಮಪ್ಪ ಅದನ್ನೇ ನೋಡುತ್ತಾ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ಆಮೇಲೆ ಎದ್ದು, "ಅಮ್ಮಾ, ಗುರುತೇ ಸುಳ್ಳು" ಅಂದ. ಪುಲ್ಲರ್ ಹಾಕಿ ಆ ಭಾರದ ಚಕ್ರವನ್ನು ಎಳೆದು ತೆಗೆದ. ಪಿಸ್ಟನ್ ತಿರುಗಿಸುವ ನಡುವಿನ ದಂಡದಲ್ಲಿ ಒಂದು ಕಚ್ಚು, ಅದರಲ್ಲಿ ಚಕ್ರವನ್ನು ದಂಡಕ್ಕೆ ಹಿಡಿದಿಡುವ ಅರ್ಧ ಚಂದ್ರದಂಥ ಒಂದು ಸಣ್ಣ ಕೀಲು. ಕಾಲ್ಬೆರಳಿನ ಉಗುರು ಕತ್ತರಿಸಿದರೆ ಬೀಳುವ ಚೂರಿನಷ್ಟು. ಅದು ಅಡ್ಡಡ್ಡ ಕತ್ತರಿಸಿಹೋಗಿತ್ತು.

ಹೇಗೆ ಅಂದರೆ, ಮೊದಲ ಸಲ ಪಿಸ್ಟನ್ ಕಚ್ಚಿಕೊಂಡಾಗ ದಂಡ ಗಕ್ಕನೆ ನಿಂತಿದೆ, ಭಾರದ ಚಕ್ರ ತನ್ನ ರಭಸಕ್ಕೆ ನಿಲ್ಲಲಾರದೆ ಮುಂದೆ ಜಾರಿ ಕೀಲನ್ನು ಕಡಿದಿದೆ. ಅಲ್ಲಿಂದೀಚೆಗೆ ಚಕ್ರ ದಂಡಕ್ಕಿಂತ ಒಂದು ಹೆಜ್ಜೆ ಮುಂದೆ. ಗೀರು ಇರುವುದು ಚಕ್ರದ ಮೇಲಲ್ಲವೇ. ಚಕ್ರ ಬಂತು ಅಂತ ಕಿಡಿ ಹಾರಿದಾಗ ಪಿಸ್ಟನ್ ಇನ್ನೂ ಏರುವ ದಾರಿಯಲ್ಲೇ ಇರುತ್ತೆ. ಲೈಟು ಸರಿ, ಕಣ್ಣು ಸರಿ, ನಿಂತ ಜಾಗವೇ ತಪ್ಪು. ಪಿಸ್ಟನ್ ಹಾಕುವಾಗ ಆ ಕಡೆ ಬಿಚ್ಚುವ ಕೆಲಸವೇ ಇರಲಿಲ್ಲವಂತೆ. ಸದ್ದು ಕೇಳಿಸಿದ್ದರೆ ಒಂದು ಗಳಿಗೆಯಲ್ಲಿ ಅನುಮಾನ ಬರುತ್ತಿತ್ತು, ಬಿಚ್ಚಿ ನೋಡುತ್ತಿದ್ದ. ಕೇಳಿಸದವನು ಗುರುತನ್ನೇ ನಂಬಿ ಕೂತಿದ್ದ.

ಹೊಸ ಕೀಲು ಹಾಕಿ, ಪ್ಲೇಟನ್ನು ಅದರ ಜಾಗಕ್ಕೆ ತಂದು, ಗೀರಿಗೆ ಗೀರು ಕೂರಿಸಿದ. ಮತ್ತೆ ಏರಿಗೆ ಹೋದೆವು, ಈ ಸಲ ಮಣೆ ಇಲ್ಲದೆ ಹತ್ತಿದೆ. ಸದ್ದಿಲ್ಲ. ಗುರುತೂ ಸರಿ.

ಈಗ ನೀನು ಕಾಯುತ್ತಿರುವ ಮಾತು. ಗಾಡಿ ಕೊಡುವಾಗ ನಿಮ್ಮಪ್ಪ ಬ್ರೆಡ್ಡಿನವನ ಎರಡೂ ಕೈ ಹಿಡಿದುಕೊಂಡು ಹೇಳಿದ, ನಾನು ಪಕ್ಕದಲ್ಲಿ, ನಿಮ್ಮಮ್ಮ ಕಿಟಕಿಯೊಳಗೆ ಮಿಷನ್ನಿನ ಮುಂದೆ: "ನನ್ನ ಮಗಳು ಮೊದಲ ದಿನವೇ ಹೇಳಿದ್ದಳು. ಸದ್ದು ಇತ್ತು. ನನಗೆ ಕೇಳಿಸಲಿಲ್ಲ. ನಿನ್ನ ಕೈ ಮುರಿದಿದ್ದು ನನ್ನಿಂದ." ಬ್ರೆಡ್ಡಿನವನು, "ಬಿಡಿ ಮೇಸ್ತ್ರಿ, ಮೂಳೆ ಕೂಡಿಕೊಂಡಿದೆ" ಅಂದ. ನಿಮ್ಮಮ್ಮ ಮಿಷನ್ ತುಳಿಯಲು ಶುರು ಮಾಡಿದಳು, ಸೂಜಿಯಲ್ಲಿ ದಾರವೇ ಇರಲಿಲ್ಲ.

ಆಮೇಲೆ ನಿಮ್ಮಮ್ಮನೇ ಮುಂದೆ ನಿಂತು ಅವನನ್ನು ಕಿವಿ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು, ನಾನೂ ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ ಸದ್ದು ಕೇಳಿಸಿದಾಗ ಕೈ ಎತ್ತಿ ಅಂದರು. ದಪ್ಪ ಸದ್ದಿಗೆಲ್ಲ ಕೈ ಎತ್ತಿದ. ಆಮೇಲೆ ಕೈ ತೊಡೆ ಮೇಲೇ ಇತ್ತು, ತೆಳ್ಳನೆಯ ಸದ್ದು ಬರುತ್ತಲೇ ಇತ್ತಂತೆ. ಕಿವಿಯೊಳಗೆ ಬಸವನಹುಳುವಿನ ಚಿಪ್ಪಿನಂಥದ್ದು ಇದೆಯಂತೆ ಜೀರಿಗೆ, ಅದರೊಳಗೆ ಹುಲ್ಲಿನ ಹಾಗೆ ಕೂದಲು. ತೆಳ್ಳನೆಯ ಸದ್ದು ಹಿಡಿಯುವ ಹುಲ್ಲು ಬಾಗಿಲ ಹತ್ತಿರವೇ ಇರುತ್ತಂತೆ, ಜೀವಮಾನವೆಲ್ಲ ಇಂಜಿನ್ನಿನ ಸದ್ದು ಒಳಗೆ ಬಂದು ತುಳಿದು ತುಳಿದು ಅದೇ ಮೊದಲು ಸಾಯುತ್ತಂತೆ. ಒಂದು ಕಡಲೆಕಾಳಿನಷ್ಟು ಜಾಗದಲ್ಲಿ ಹುಲ್ಲುಗಾವಲು. ಇದನ್ನೆಲ್ಲ ಇಟ್ಟುಕೊಂಡು ನಾವು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತೇವೆ. ಅಲ್ಲೂ ನನಗೆ ಆ ಚಕ್ರ ಕಂಡ ಹಾಗೇ ಆಯಿತು, ಬಾಯಿ ಮುಚ್ಚಿ ಕೂತೆ. ನಾನು ಬಾಯಿ ಮುಚ್ಚಿದ್ದು ನೋಡಿ ನಿಮ್ಮಮ್ಮನಿಗೆ ಗಾಬರಿಯಾಯಿತು.

ಸತ್ತ ಹುಲ್ಲು ಮತ್ತೆ ಚಿಗುರುವುದಿಲ್ಲವಂತೆ. ಕಿವಿಗೆ ಮಿಷನ್ನು ಹಾಕಿಕೊಳ್ಳಬಹುದು ಅಂದರು. "ನೋಡೋಣ" ಅಂದಿದ್ದಾನೆ, ಅವನ ನೋಡೋಣ ನಿನಗೆ ಗೊತ್ತಿದೆ. ಏರಿನಲ್ಲಿ ಸದ್ದು ಅಂತ ಯಾರ ಗಾಡಿ ಬಂದರೂ ಈಗ ನಾನೇ ಹಿಂದೆ ಹತ್ತುತ್ತೇನೆ. ಆದರೆ ನನಗೆ ಸದ್ದು ಇದೆ, ಇಲ್ಲ ಅನ್ನೋದಷ್ಟೇ ಗೊತ್ತು. ಅದು ಪೆಟ್ರೋಲಿನದೋ, ಮಸಿಯದೋ, ಕಿಡಿಯದೋ ಅಂತ ಕೇಳಿ ಹೇಳುವ ಕಿವಿ ನಿನ್ನದು. ಗೋಡೆ ಮೇಲೆ ನೀನು ತೂಗುಹಾಕಿ ಹೋದ ಸ್ಪ್ಯಾನರನ್ನು ಅವನು ಬಳಸುವುದಿಲ್ಲ, ಅದೇ ಅಳತೆಯದು ಬೇರೆ ತಂದುಕೊಂಡಿದ್ದಾನೆ.

ಡಿಪೋ ಕೆಲಸ ಬಿಡು ಅಂತ ನಾನು ಹೇಳುವುದಿಲ್ಲ. ಬಂದು ಮುಖ ತೋರಿಸು ಅಂತೀನಿ. ಹೊತ್ತಿಗೆ ಸರಿಯಾಗಿ ಉಣ್ಣು. ಬಸ್ಸಿನ ಕೆಳಗೆ ಮಲಗಿ ಕೆಲಸ ಮಾಡು, ಬಸ್ಸಿನ ಕೆಳಗೆ ನಿದ್ದೆ ಮಾಡಬೇಡ. ಕಿವಿಗೆ ಹತ್ತಿ ಇಟ್ಟುಕೋ, ಡಾಕ್ಟರಮ್ಮ ಹೇಳಿದ್ದು ನಿನಗೂ ಸೇರಿಸಿ. ನೀನು ಮುಟ್ಟಿದ ಇಂಜಿನ್ನು ದಾರಿಯಲ್ಲಿ ನಿಲ್ಲದಿರಲಿ, ನಿನ್ನ ಕೈ ಕಾಲು ಗಟ್ಟಿಯಾಗಿರಲಿ, ನೂರು ಕಾಲ ಬಾಳು.

ನಿನ್ನ ಹಾದಿ ಕಾಯುವ,
ಅಜ್ಜಿ

ಮುಗಿದದ್ದು ಗುರುವಾರ, ಮಧ್ಯಾಹ್ನ

ಮರೆತ ಮಾತು: ಮರೆತಿಲ್ಲ, ಬರೆಯಲು ಕೈ ಬರುತ್ತಿರಲಿಲ್ಲ. ನೀನು ಡಿಪೋ ಸೇರಿದ ವಾರದಲ್ಲಿ ನಿಮ್ಮಪ್ಪನಿಗೆ ಒಂದು ಸಲ ಫೋನ್ ಮಾಡಿದ್ದೆ. ಅವನು ಕಿವಿಗಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತು, ಒಂದೂ ಮಾತಾಡದೆ ಇಟ್ಟುಬಿಟ್ಟ. ಅಪ್ಪ ನನ್ನ ದನಿ ಕೇಳಿ ಫೋನ್ ಕುಕ್ಕಿದರು ಅಂತ ನಿಮ್ಮಮ್ಮನ ಹತ್ತಿರ ಕಣ್ಣೀರು ಹಾಕಿದೆಯಂತೆ, ಅಲ್ಲಿಂದೀಚೆಗೆ ಅವನ ಹೆಸರಿಗೇ ಬಾಗಿಲು ಹಾಕಿದೆ. ಡಾಕ್ಟರಮ್ಮನ ಹತ್ತಿರ ಹೋಗಿ ಬಂದ ದಿನ ನಾನು ಅವನನ್ನು ಕೇಳಿದೆ. ಅವನು ಹೇಳಿದ್ದು ಅವನ ಬಾಯಲ್ಲೇ ಬರೆಯುತ್ತೇನೆ: "ಅವಳ ದನಿ ಅಂತ ಗೊತ್ತಾಯ್ತಮ್ಮ. ಮಾತು ಗೊತ್ತಾಗ್ಲಿಲ್ಲ. ಬರೀ ಗಾಳಿ ಬೀಸಿದ ಹಾಗೆ. ಅಳ್ತಿದಾಳೋ, ಬೈತಿದಾಳೋ, ಬರ್ತೀನಿ ಅಂತಿದಾಳೋ. ಹೂಂ ಅಂದ್ರೆ ಯಾವುದಕ್ಕೆ ಹೂಂ ಅಂದ ಹಾಗಾಗುತ್ತೋ, ಇಲ್ಲ ಅಂದ್ರೆ ಯಾವುದಕ್ಕೆ ಇಲ್ಲ ಅಂದ ಹಾಗಾಗುತ್ತೋ. ಭಯ ಆಗಿ ಇಟ್ಬಿಟ್ಟೆ." ಅವಳು ಏನಂದಿರಬಹುದು ಅಂತ ಈಗಲೂ ನನ್ನನ್ನೇ ಕೇಳುತ್ತಾನೆ. ನನಗೇನು ಗೊತ್ತು. ಆದ್ದರಿಂದ ಫೋನ್ ಮಾಡಬೇಡ. ಅವತ್ತು ಏನು ಹೇಳಿದೆಯೋ ಅದನ್ನೇ, ಅವನ ಹೆಸರಿಗೇ, ಕಾಗದದಲ್ಲಿ ಬರೆದು ಹಾಕು. ಬೈದಿದ್ದರೆ ಬೈಗುಳವನ್ನೂ ಬಿಡಬೇಡ. ಅಕ್ಷರ ದಪ್ಪಗೆ ಬರೆಯುವುದೇನೂ ಬೇಡ, ಅವನ ಕಣ್ಣು ಚೆನ್ನಾಗಿದೆ. ಮುಂದಿನ ತಿಂಗಳು ಹುಟ್ಟುವ ಮೊದಲು ಅದು ಇಲ್ಲಿ, ಅವನ ಕೈಯಲ್ಲಿರಬೇಕು.